ಕಣ್ಣೀರಾದ ಮೇಲಿನ ಮಾತು

ಅಥವಾ ಅದು ಮಳವಳ್ಳಿ ಅಲ್ಲದೆಯೂ ಇರಬಹುದು. ನಾವಿಬ್ಬರೂ ಮೊದಲ ಸಲ ಮಾತಾಡಿದ್ದು ಮಳವಳ್ಳಿಯ ಒಂದು ಚುನಾವಣಾ ಸಭೆಯಲ್ಲಿ ಎಂದು ನಾನು ಎಷ್ಟೋ ಜನಕ್ಕೆ ಹೇಳಿದ್ದೇನೆ. ಹೇಳಿ ಹೇಳಿ ಈಗ ಆ ಶಾಮಿಯಾನದ ಹಳದಿ ಪಟ್ಟೆಗಳೂ ಕಣ್ಣಿಗೆ ಕಾಣುತ್ತವೆ. ಮೊನ್ನೆ ಹಳೆಯ ನೋಟ್‌ಬುಕ್ ತೆಗೆದು ನೋಡಿದರೆ ಆ ದಿನ ನಾನು ಇದ್ದದ್ದು ಮದ್ದೂರಿನಲ್ಲಿ. ಶಾಮಿಯಾನ ಯಾವ ಬಣ್ಣದ್ದೆಂದು ಅದರಲ್ಲಿ ಇಲ್ಲ. ಪಕ್ಕದ ಕುರ್ಚಿಯಲ್ಲಿ ಕೂತಿದ್ದವರ ಬಗ್ಗೆಯೂ ಇಲ್ಲ. ಅವರು ಸುದ್ದಿಯಾಗಿರಲಿಲ್ಲ.

ಅವರು ತೀರಿಕೊಂಡ ವಿಷಯ ಕಳೆದ ತಿಂಗಳು ವರದಿಗಾರರ ವಾಟ್ಸ್ಯಾಪ್ ಗುಂಪಿನಲ್ಲಿ ಬಂತು. ‘ನಮ್ ಬರ್ಕೊಳೋರು ಹೋದ್ರು’ ಎಂದು ಯಾರೋ ಹಾಕಿದ್ದರು. ಅದರ ಕೆಳಗೆ ಕೈಮುಗಿದ ಚಿತ್ರಗಳ ಸಾಲು. ಹಾಸನದ ಕಡೆ ಮಗಳ ಮನೆಯಲ್ಲಿದ್ದರಂತೆ, ಮಧ್ಯಾಹ್ನ ಊಟ ಮಾಡಿ ಮಲಗಿದವರು ಏಳಲಿಲ್ಲವಂತೆ. ನನಗೆ ತಕ್ಷಣ ಅನಿಸಿದ್ದು ದುಃಖವಲ್ಲ. ಕೇಳಬೇಕಾಗಿದ್ದ ಒಂದು ಪ್ರಶ್ನೆಯನ್ನು ಇನ್ನು ಕೇಳುವ ಹಾಗಿಲ್ಲವಲ್ಲ ಎಂದು.

ಅವರು ಪೊಲೀಸ್ ಇಲಾಖೆಯಲ್ಲಿ ಹೆಡ್ ಕಾನ್‌ಸ್ಟೆಬಲ್. ಸಮವಸ್ತ್ರ ಹಾಕುತ್ತಿರಲಿಲ್ಲ. ಸುತ್ತಮುತ್ತ ಎಲ್ಲಿ ರಾಜಕೀಯ ಸಭೆಯಾದರೂ ಹೋಗಿ ಕೂತು, ಯಾರು ಏನು ಹೇಳಿದರು, ಎಷ್ಟು ಜನ ಇದ್ದರು, ಗಲಾಟೆಯಾಯಿತೇ ಎಂದು ಬರೆದುಕೊಂಡು ಸಂಜೆಯೊಳಗೆ ಮೇಲಿನವರಿಗೆ ಕೊಡುವುದು ಅವರ ಕೆಲಸ. ಮಫ್ತಿಯಲ್ಲಿ ಇದ್ದರೂ ಅವರು ಯಾರೆಂದು ಗೊತ್ತಿಲ್ಲದವರು ಇರಲಿಲ್ಲ. ಬಿಳಿ ಅಂಗಿಯ ಕೆಳಗೆ ಇಲಾಖೆಯ ಕಂದು ಬೂಟು. ಕುರ್ಚಿಯ ಮೇಲೆ ಕರವಸ್ತ್ರ ಹಾಸಿಯೇ ಕೂರುವರು. ಪೆನ್ನಿನ ಮುಚ್ಚಳ ಹಲ್ಲಿನ ನಡುವೆ. ವೇದಿಕೆಯ ಮೇಲಿದ್ದವರೇ ಮೈಕಿನಲ್ಲಿ ಅವರನ್ನು ಮಾತಾಡಿಸುತ್ತಿದ್ದರು: ‘ಬರ್ಕೊಳಪ್ಪ, ಇದನ್ನೂ ಬರ್ಕೊ, ನಾನ್ ಯಾರ್ಗೂ ಹೆದರೋನಲ್ಲ.’ ಅವರು ಅದನ್ನೂ ಬರೆದುಕೊಳ್ಳುತ್ತಿದ್ದರು. ಹಳ್ಳಿಗಳಲ್ಲಿ ಹೆಂಗಸರು ಅವರ ಕುರ್ಚಿಯ ಹತ್ತಿರ ಬಂದು, ‘ಸಾ, ನಮ್ಮೂರ್ ಕರೆಂಟು ರಾತ್ರಿಯೆಲ್ಲ ಇರಕಿಲ್ಲ, ಅದ್ನೂ ಒಸಿ ಬರ್ಕೊಳಿ’ ಎನ್ನುವರು. ‘ಅದು ನನ್ ಪುಸ್ತಕಕ್ಕೆ ಬರಕಿಲ್ಲ ಕಣಮ್ಮ’ ಎಂದು ಇವರು ಹೇಳುವರು. ಹೇಳಿ, ಅದನ್ನೂ ಬರೆದುಕೊಳ್ಳುವರು.

ನಾನು ಜಿಲ್ಲೆಯ ಒಂದು ಪತ್ರಿಕೆಗೆ ತಾಲ್ಲೂಕಿನ ವರದಿಗಾರ. ಪತ್ರಕರ್ತರಿಗೆ ಹಾಕಿದ ಪ್ಲಾಸ್ಟಿಕ್ ಕುರ್ಚಿಗಳ ಸಾಲಿನಲ್ಲೇ ಅವರೂ ಕೂರುತ್ತಿದ್ದರು. ಹದಿನೈದು ವರ್ಷ ಒಂದೇ ಭಾಷಣವನ್ನು ಇಬ್ಬರೂ ಬರೆದುಕೊಂಡೆವು ಎನ್ನಬಹುದು. ನನ್ನನ್ನು ಅವರು ‘ಪೇಪರ್ರು’ ಎಂದೇ ಕರೆಯುತ್ತಿದ್ದರು. ಹೆಸರು ಗೊತ್ತಿತ್ತೋ ಇಲ್ಲವೋ.

ಆ ಹದಿನೈದು ವರ್ಷದಲ್ಲಿ ಅವರಿಗೆ ಬೇಕಾಗಿದ್ದದ್ದು ನನಗೆ ತಿಳಿದ ಮಟ್ಟಿಗೆ ಒಂದೇ ವಸ್ತು. ಒಂದು ಗೋಡೆ.

ಅವರ ಊರು ಆತಗೂರು ಹೋಬಳಿಯದು. ಊರಿಗೆ ಹೋಗುವ ದಾರಿ ನಾಲೆಯ ಏರಿಯ ಮೇಲೆಯೇ ಸಾಗುತ್ತದೆ. ಊರು ಇನ್ನು ಒಂದು ಕೂಗಳತೆ ಇದೆ ಎನ್ನುವಾಗ ನಾಲೆ ಎಡಕ್ಕೆ ಹೊರಳುತ್ತದೆ, ದಾರಿಯೂ ಅದರ ಜೊತೆ ಹೊರಳುತ್ತದೆ. ಅಲ್ಲಿ ತಡೆಗೋಡೆ ಇರಲಿಲ್ಲ. ಕಬ್ಬಿನ ಗಾಡಿ, ಶಾಲೆಯ ವ್ಯಾನು, ಹಾಲಿನ ಕ್ಯಾನು ಕಟ್ಟಿಕೊಂಡ ಬೈಕು, ಎಲ್ಲ ಆ ತಿರುವಿನಲ್ಲಿ ನೀರಿನ ಅಂಚಿಗೆ ಒಂದು ಗೇಣು ಉಳಿಸಿಕೊಂಡು ಹೋಗಬೇಕು. ಇವರು ಅರ್ಜಿ ಕೊಟ್ಟಿದ್ದರು, ಮತ್ತೆ ಕೊಟ್ಟಿದ್ದರು. ಸರ್ಕಾರಿ ನೌಕರ, ವೇದಿಕೆ ಹತ್ತಿ ಕೇಳುವ ಹಾಗಿಲ್ಲ. ಆದರೆ ಪ್ರತಿ ಚುನಾವಣೆಯಲ್ಲೂ ಯಾರಾದರೊಬ್ಬರು ಆ ಊರಿಗೆ ಬಂದು, ‘ಈ ತಿರುವು ನೋಡಿದರೆ ನನ್ನ ಕರುಳು ಕಿತ್ತು ಬರುತ್ತೆ’ ಎಂದು ಕಣ್ಣೊರೆಸಿಕೊಂಡು ಹೋಗುತ್ತಿದ್ದರು. ಇವರು ಕೆಳಗೆ ಕೂತು ಬರೆದುಕೊಳ್ಳುತ್ತಿದ್ದರು.

‘ಏನಂತ ಬರೆದಿರಿ?’ ಎಂದು ಒಮ್ಮೆ ಕೇಳಿದೆ.

‘ಭಾವುಕರಾಗಿ ನುಡಿದಿರುತ್ತಾರೆ ಅಂತ.’

‘ಗೋಡೆ?’

‘ಗೋಡೆ ಅನ್ನೋ ಪದ ಅವ್ನ್ ಬಾಯಲ್ಲಿ ಬಂದ್ರೆ ತಾನೆ ಬರ್ಕೊಳದು? ಕರುಳು ಅಂದ. ಕರುಳು ಬರ್ಕೊಂಡೆ.’

ಅವರ ಪುಸ್ತಕ ನೋಡುವ ಹಾಗಿರಲಿಲ್ಲ. ಆದರೂ ನೋಡಿದ್ದೇನೆ. ಹಾಳೆಯ ನಡುವೆ ಮೇಲಿಂದ ಕೆಳಕ್ಕೆ ಒಂದು ಗೀಟು. ಎಡಗಡೆ ಭಾಷಣಕಾರ ಹೇಳಿದ್ದು, ಬಲಗಡೆ ಜನ ಮಾಡಿದ್ದು. ಚಪ್ಪಾಳೆಗೆ ಒಂದು ಸೊನ್ನೆ, ನಗುವಿಗೆ ಒಂದು ಕೊಕ್ಕೆ, ಹೆಂಗಸರು ಸೆರಗು ಕಣ್ಣಿಗೆ ತಂದರೆ ಒಂದು ಚುಕ್ಕಿ. ಮೇಲಿನವರಿಗೆ ಕೊಡುವ ವರದಿಯಲ್ಲಿ ಬಲಗಡೆಯದು ಇರುತ್ತಿರಲಿಲ್ಲ. ಅದು ಅವರ ಸ್ವಂತದ್ದು.

‘ಯಾತಕ್ಕೆ ಇದು?’

‘ಸುಮ್ಕೆ ಕಣಯ್ಯ. ಎಡಗಡೆದು ಎಲ್ಲಾರ್ದೂ ಒಂದೇ. ಬಲಗಡೆ ಊರೂರ್ಗೂ ಬೇರೆ.’

ಅದು ಪೂರ್ತಿ ನಿಜವಲ್ಲ. ಎಡಗಡೆಯಲ್ಲೂ ಅವರು ಒಂದು ಕ್ರಮ ಕಂಡುಕೊಂಡಿದ್ದರು. ವರ್ಷಗಟ್ಟಲೆ ಬಿಡಿಬಿಡಿಯಾಗಿ ನನಗೆ ಹೇಳಿದ್ದರು. ಮೊದಲು ನಂಟಸ್ತಿಕೆ: ‘ನಾನು ನಿಮ್ಮ ಮನೆ ಮಗ, ನಮ್ಮ ಚಿಕ್ಕಮ್ಮನ್ನ ಈ ಊರಿಗೇ ಕೊಟ್ಟಿರೋದು.’ ಆಮೇಲೆ ನೀರು, ಕಬ್ಬು, ಮಣ್ಣು. ಆಮೇಲೆ ತಾಯಿ. ತಾಯಿ ಬರುವ ಮೊದಲು ಒಂದು ಲೋಟ ನೀರು. ‘ನೀರ್ ಕುಡುದ್ನಾ, ಇನ್ನು ಅವ್ವ ಬತ್ತಾಳೆ ನೋಡು’ ಎಂದು ನನ್ನ ಕಿವಿಯಲ್ಲಿ ಹೇಳುವರು. ಬರುತ್ತಿದ್ದಳು. ಪಕ್ಷ ಯಾವುದಾದರೂ ಆಗಲಿ, ಆ ತಾಯಿ ಮುದ್ದೆ ಮುರಿದು ಮಕ್ಕಳಿಗೆ ಕೊಟ್ಟು ತಾನು ನೀರು ಕುಡಿದು ಮಲಗಿದವಳೇ. ಆಮೇಲೆ ಗಂಟಲು ಕಟ್ಟುವುದು. ಮೌನ. ಮೈಕಿನವನು ಆ ಮೌನದಲ್ಲಿ ಎಂದೂ ಗುಂಡಿ ಮುಟ್ಟುತ್ತಿರಲಿಲ್ಲ. ಅದಾದ ಮೇಲೆ ಒಂದು ವಾಕ್ಯ ಬರುತ್ತದೆ, ಯಾವಾಗಲೂ ಬರುತ್ತದೆ.

‘ಅತ್ತಾದ್ ಮೇಲೆ ಏನ್ ಕೇಳ್ದ ಅನ್ನೋದ ಬರ್ಕೊ. ಅಷ್ಟೇ ಭಾಷಣ. ಮಿಕ್ಕಿದ್ದು ಬಾಗ್ಲು ತಟ್ಟೋದು.’

ಇದನ್ನು ಓದಿದರೆ ಅವರು ಎಲ್ಲವನ್ನೂ ನಗೆಯಾಡುವ ಮನುಷ್ಯ ಎನಿಸಬಹುದು. ಹಾಗಿರಲಿಲ್ಲ. ಮಳವಳ್ಳಿಯಲ್ಲಿ (ಇದು ಖಚಿತವಾಗಿ ಮಳವಳ್ಳಿ) ಒಬ್ಬ ಹೊಸಬ ಮಾತಾಡುತ್ತಿದ್ದ. ಅದೇ ತಾಯಿ, ಅದೇ ಮುದ್ದೆ. ನಾನು ಪಕ್ಕಕ್ಕೆ ತಿರುಗಿ ಹಲ್ಲು ಬಿಡಬೇಕೆಂದು ನೋಡಿದರೆ ಇವರ ಕಣ್ಣು ತುಂಬಿತ್ತು. ಪೆನ್ನು ಹಿಡಿದ ಕೈಯಿಂದಲೇ ಒರೆಸಿಕೊಂಡರು. ಹಣೆಯ ಮೇಲೆ ಶಾಯಿ ಹತ್ತಿತು.

‘ಏನ್ ಸಾರ್, ನೀವೂನಾ? ಅವನು ನಾಟಕ ಆಡ್ತಿದ್ದಾನೆ.’

‘ಆಡ್ಲಿ ಬುಡು. ನಂಗೂ ಅವ್ವ ಇದ್ಲು ಕಣಯ್ಯ.’ ಮುಂದಿನ ಸಾಲು ಬರೆದುಕೊಳ್ಳುತ್ತಲೇ ಹೇಳಿದರು: ‘ಜನ ಅವ್ನಿಗೆ ಅಳ್ತಾರೆ ಅನ್ಕೊಂಡ್ಯಾ? ಯಾರೂ ಅವ್ನಿಗೆ ಅಳಕಿಲ್ಲ. ಅವರವ್ರ ಮನೇಲಿ ಸತ್ತೋರ್ಗೆ ಅಳ್ತಾರೆ. ಅವ್ನು ಬಾಗ್ಲು ತೆಗ್ದ, ಇವ್ರು ಅವರವ್ರ ಮನೆಯೊಳ್ಕೆ ಹೋದ್ರು. ಸುಳ್ಳು ಅವ್ನದು, ಕಣ್ಣೀರು ನಿಜ.’

ನಾನು ಆಗ ಇದನ್ನು ಬರೆದುಕೊಳ್ಳಲಿಲ್ಲ. ಹಾಗಾಗಿ ಮಾತು ಹೀಗೇ ಇತ್ತೆಂದು ಆಣೆ ಇಡಲಾರೆ. ಕೊನೆಯ ವಾಕ್ಯ ನನ್ನದೇ ಇರಬಹುದು. ಅವರ ಬಾಯಲ್ಲಿ ಚೆನ್ನಾಗಿ ಕೂರುತ್ತದೆ ಎಂದು ಕೂರಿಸಿರಬಹುದು.

ಚೀಟಿಯ ಪ್ರಸಂಗ ಮಾತ್ರ ನನ್ನ ನೋಟ್‌ಬುಕ್ಕಿನಲ್ಲಿದೆ. ನಮ್ಮ ಕಡೆ ಮುಖಂಡರು ಒಂದೇ ದಿನದಲ್ಲಿ ಎಂಟು ಹತ್ತು ಹಳ್ಳಿ ಸುತ್ತುತ್ತಾರೆ. ವೇದಿಕೆ ಹತ್ತುವಾಗ ಊರಿನ ಕಾರ್ಯಕರ್ತ ಅವರ ಕೈಗೆ ಒಂದು ಚೀಟಿ ತುರುಕುತ್ತಾನೆ. ಊರದೇವರ ಹೆಸರು, ಹಾರ ಹಾಕಬೇಕಾದ ಹಿರಿಯರ ಹೆಸರು, ಇತ್ತೀಚೆಗೆ ತೀರಿಕೊಂಡವರ ಹೆಸರು. ಆ ಚೀಟಿ ನೋಡಿಯೇ ‘ಈ ಊರಿನ ಜೊತೆ ನನ್ನ ಸಂಬಂಧ ಇವತ್ತು ನಿನ್ನೆಯದಲ್ಲ’ ಎಂದು ಶುರುವಾಗುತ್ತದೆ. ನಿಡಘಟ್ಟದ ಹತ್ತಿರ ಒಂದು ಹಳ್ಳಿಯಲ್ಲಿ ಚೀಟಿ ಬರೆದವನು ಅವಸರದಲ್ಲಿ ಹಾರದವರನ್ನೂ ತೀರಿಕೊಂಡವರನ್ನೂ ಒಂದೇ ಸಾಲಿನಲ್ಲಿ ಬರೆದಿದ್ದ. ಮುಖಂಡರು ನೀರು ಕುಡಿದರು. ಆ ಊರಿನ ಹಿರಿಯರೊಬ್ಬರ ಹೆಸರು ಹೇಳಿದರು. ‘ಅವರು ನನಗೆ ತಂದೆ ಸಮಾನ. ಅವರ ಕೈತುತ್ತು ತಿಂದಿದ್ದೇನೆ. ಕೊನೆಗಾಲದಲ್ಲಿ ಮುಖ ನೋಡಲಾಗಲಿಲ್ಲ ಎನ್ನೋ ಕೊರಗು ನನ್ನ ಜೊತೆಗೇ ಮಣ್ಣಿಗೆ ಹೋಗುತ್ತೆ’ ಎಂದು ಬಿಕ್ಕಿದರು. ಹಿಂದಿನ ಸಾಲಿನಲ್ಲಿ ಇಬ್ಬರು ಮೂವರು ಹೆಂಗಸರು ಸೆರಗು ಎತ್ತಿದ್ದೂ ಆಯಿತು.

ಮುಂದಿನ ಸಾಲಿನಲ್ಲಿ ಕೂತಿದ್ದ ಆ ಹಿರಿಯರು ಕೋಲು ಊರಿಕೊಂಡು ಎದ್ದರು. ‘ನಾನಿನ್ನೂ ಇವ್ನಿ ಕಣಪ್ಪ. ಸಮಾಧಾನ ಮಾಡ್ಕೊ’ ಎಂದರು.

ಅವರ ಹಿಂದೆ ಕೂತಿದ್ದ ಮುದುಕ, ‘ಕುಂತ್ಕೊಳಲೇ, ಸತ್ತೋನು ಎದ್ ನಿಂತ್ರೆ ಮಕ್ಳು ಎದರ್ಕೊತವೆ’ ಎಂದ.

ಸಭೆ ಹತ್ತು ನಿಮಿಷ ನಿಂತಿತು. ಅವತ್ತಿನ ಇವರ ವರದಿಯಲ್ಲಿ ಒಂದು ವಾಕ್ಯವಿತ್ತು. ಮೇಲಿನವರು ಫೋನ್ ಮಾಡಿ ಬೈದ ಮೇಲೆ ನನಗೆ ತಾವೇ ಓದಿ ಹೇಳಿದರು: ‘ಸದರಿ ಹಿರಿಯರು ಸ್ಥಳದಲ್ಲಿಯೇ ಜೀವಂತವಾಗಿ ಹಾಜರಿದ್ದುದು ಕಂಡುಬಂದಿರುತ್ತದೆ.’ ಓದುವಾಗ ಮುಖದ ಒಂದು ಗೆರೆಯೂ ಅಲ್ಲಾಡಲಿಲ್ಲ. ‘ನಡ್ದಿದ್ದು ಬರ್ದೆ. ಅದ್ರಲ್ಲಿ ತಪ್ಪೇನೈತೆ?’

ಆಮೇಲೆ ಕಾಲ ಬದಲಾಯಿತು. ಎಲ್ಲರ ಕೈಯಲ್ಲೂ ಮೊಬೈಲ್ ಬಂತು. ಭಾಷಣಕಾರರು ಜನರತ್ತ ನೋಡುವುದನ್ನು ಬಿಟ್ಟು ಎದುರಿಗೆ ಹಿಡಿದ ಮೊಬೈಲಿನತ್ತ ನೋಡತೊಡಗಿದರು. ಇವರ ಪುಸ್ತಕದ ಬಲಗಡೆ ಖಾಲಿಯಾಗುತ್ತ ಬಂತು. ‘ಈಗ ಅಳೋದು ಅದ್ಯಾರ್ಗೋ ಕಣಯ್ಯ, ಇಲ್ ಕುಂತೋರ್ಗಲ್ಲ. ಇವ್ರು ಸುಮ್ಕೆ ಗೋಡೆ ಮೇಲಿನ ಚಿತ್ರ’ ಎನ್ನುತ್ತಿದ್ದರು. ಆ ಮಾತು ಹೇಳಿದ ವರ್ಷವೇ ನಿವೃತ್ತರಾದರು. ಠಾಣೆಯಲ್ಲಿ ಒಂದು ಶಾಲು, ಒಂದು ತಟ್ಟೆ ಹಣ್ಣು. ಅವರಿಗೆ ಮಾತಾಡಲು ಹೇಳಿದರಂತೆ. ‘ನಂಗೆ ಬರಕಿಲ್ಲ’ ಎಂದು ಕೂತರಂತೆ.

ಅವರು ಮಾತಾಡಿದ್ದನ್ನು ನಾನು ಒಂದೇ ಸಲ ಕೇಳಿದ್ದೇನೆ. ಅದರ ಬಗ್ಗೆಯೇ ನಾನು ಬರೆಯಬೇಕಾಗಿರುವುದು.

ನಿವೃತ್ತಿಯಾದ ಮೇಲಿನ ಮೊದಲ ಚುನಾವಣೆ. ಅವರ ಊರಿನ ಹಾಲಿನ ಡೈರಿಯ ಮುಂದೆ ಸಭೆ. ಮುಖಂಡರು ನಾಲ್ಕು ಗಂಟೆಗೆ ಬರಬೇಕಿತ್ತು, ಐದೂವರೆಯಾದರೂ ಸುಳಿವಿಲ್ಲ. ಇಂಥ ಹೊತ್ತಿನಲ್ಲಿ ಮೈಕು ಊರಿನವರ ಕೈಯಿಂದ ಕೈಗೆ ಹೋಗುತ್ತದೆ. ಜನ ಎದ್ದು ಹೋಗದ ಹಾಗೆ ಯಾರಾದರೂ ಏನಾದರೂ ಮಾತಾಡುತ್ತಲೇ ಇರಬೇಕು. ಯುವಕ ಸಂಘದವನು ಮಾತಾಡಿದ, ಪಂಚಾಯಿತಿಯ ಮಾಜಿ ಅಧ್ಯಕ್ಷರು ಮಾತಾಡಿದರು, ಒಬ್ಬರು ಎರಡು ಸಲ ಮಾತಾಡಿದರು. ಹೆಂಗಸರು ಹಾಲು ಕರೆಯುವ ಹೊತ್ತಾಯಿತೆಂದು ಚಾಪೆ ಸುತ್ತತೊಡಗಿದರು. ಕಾರ್ಯಕರ್ತ ದಿಕ್ಕುಗಾಣದೆ ಕೆಳಗೆ ಕೂತಿದ್ದ ಇವರ ಕೈಗೆ ಮೈಕು ಕೊಟ್ಟ.

‘ಸಾ, ಒಂದ್ ಎಲ್ಡ್ ಮಾತು. ಕಾರು ಆತಗೂರ್ ಬುಟ್ಟದಂತೆ.’

ಇವರು ಬೇಡವೆನ್ನುತ್ತಾರೆ ಎಂದುಕೊಂಡೆ. ಎದ್ದು ನಿಂತರು. ವೇದಿಕೆ ಹತ್ತಲಿಲ್ಲ, ಕುರ್ಚಿಯ ಪಕ್ಕದಲ್ಲೇ ನಿಂತರು. ಮುಂದಿನದನ್ನು ನಾನು ಬರೆದುಕೊಂಡಿದ್ದೇನೆ. ಮೊಬೈಲಿನಲ್ಲೂ ಹಿಡಿದಿದ್ದೇನೆ. ಎರಡೂ ಒಂದಕ್ಕೊಂದು ತಾಳೆಯಾಗುವುದಿಲ್ಲ. ಆದರೂ ಮಾತು ಹೆಚ್ಚು ಕಡಿಮೆ ಇದು.

‘ನಾನು ಭಾಷಣಗಾರ ಅಲ್ಲ. ಬರ್ಕೊಳೋನು. ಎಲ್ಲಾರ್ದೂ ಬರ್ಕೊಂಡಿವ್ನಿ. ಒಂದ್ ವಿಸ್ಯ ಬರ್ಕೊಂಡಿರ್ನಿಲ್ಲ. ಅದ ಯೋಳ್ತೀನಿ. ಒಬ್ಳು ಹೆಣ್ಮಗ್ಳು. ಈ ಊರ್ಗೆ ಸೊಸೆಯಾಗಿ ಬಂದು ತಿಂಗ್ಳಾಗಿರ್ನಿಲ್ಲ. ಹಟ್ಟಿ ಎತ್ಲಾಗೆ, ಬಾವಿ ಎತ್ಲಾಗೆ ಅಂತ ಇನ್ನೂ ಕೇಳ್ಕಂಡು ಓಡಾಡ್ತಿದ್ಲು. ತ್ವಾಟದ ಮನೆಯಿಂದ ಬೆಳಿಗ್ಗೆ ಹಾಲ್ ತಕ್ಕಂಡು ಡೈರಿಗೆ ಒಂಟ್ಲು. ಮಂಜು. ನಿಮ್ಗೆಲ್ಲ ಆ ತಿರುವು ಕಣ್ಗೆ ಕಾಣ್ದಿದ್ರೂ ಕಾಲ್ಗೆ ಗೊತ್ತು. ಅವ್ಳ ಕಾಲ್ಗೆ ಗೊತ್ತಿರ್ನಿಲ್ಲ.’

ಇಲ್ಲಿ ನಿಂತರು. ನೀರು ಕುಡಿಯಲಿಲ್ಲ. ಸುತ್ತಿದ ಚಾಪೆಯ ಮೇಲೆಯೇ ಹೆಂಗಸರು ಕೂತರು.

‘ಮೊದ್ಲು ಕ್ಯಾನು ಸಿಕ್ತು. ಮುಚ್ಚಳ ಬಿಗಿಯಾಗಿತ್ತು, ತೇಲ್ಕಂಡು ಬಂದಿತ್ತು. ಒಳ್ಗಡೆ ಅರ್ಧ ಕ್ಯಾನು ಹಾಲು ಅಂಗೇ ಇತ್ತು. ಆ ಹಾಲ ಏನ್ ಮಾಡ್ಬೇಕು ಅಂತ ಮನೇಲಿ ಯಾರ್ಗೂ ತಿಳೀನಿಲ್ಲ. ಡೈರಿಗೆ ಆಕೋ ಅಂಗಿಲ್ಲ. ಚೆಲ್ಲೋ ಅಂಗಿಲ್ಲ. ಕಾಯಿಸೋ ಅಂಗಿಲ್ಲ. ಸಂಜೆಗಂಟ ಜಗಲಿ ಮೇಲೆ ಇತ್ತು. ಅಷ್ಟೇ ನಂಗೆ ಗೊತ್ತಿರೋದು.’

ಧ್ವನಿ ಏರಲಿಲ್ಲ, ಇಳಿಯಲಿಲ್ಲ. ಸಂಜೆಯ ವರದಿ ಓದಿದ ಹಾಗಿತ್ತು. ಅಲ್ಲಿ ಕೂತಿದ್ದ ಹೆಂಗಸರಲ್ಲಿ ಹೆಚ್ಚಿನವರು ಬೇರೆ ಊರಿಂದ ಮದುವೆಯಾಗಿ ಬಂದವರು. ಒಂದು ಕಾಲದಲ್ಲಿ ಅವರ ಕಾಲಿಗೂ ಆ ತಿರುವು ಗೊತ್ತಿರಲಿಲ್ಲ. ಒಬ್ಬಳು ಶುರುಮಾಡಿದಳು, ಆಮೇಲೆ ಇಡೀ ಚಾಪೆ. ಗಂಡಸರು ನೆಲ ನೋಡುತ್ತಿದ್ದರು. ಹದಿನೈದು ವರ್ಷದಲ್ಲಿ ನಾನು ಅಂಥ ಸದ್ದು ಕೇಳಿರಲಿಲ್ಲ. ಅತ್ತವರು ಯಾರೂ ವೇದಿಕೆಯ ಕಡೆ ನೋಡುತ್ತಿರಲಿಲ್ಲ.

ಅವರೂ ಅತ್ತರೇ? ಇಲ್ಲ ಎಂದು ನನ್ನ ನೋಟ್‌ಬುಕ್ ಹೇಳುತ್ತದೆ. ಮೊಬೈಲಿನ ಚಿತ್ರದಲ್ಲಿ ಆ ಹೊತ್ತಿಗೆ ಅಡ್ಡ ಬಂದ ಒಂದು ತಲೆ, ಅದರ ಆಚೆ ಕನ್ನಡಕ ತೆಗೆಯುತ್ತಿರುವ ಒಂದು ಕೈ. ಅದು ಅವರ ಕೈಯೇ ಇರಬೇಕು.

ಅಷ್ಟರಲ್ಲಿ ಕಾರುಗಳು ಬಂದವು. ಮುಖಂಡರು ಇಳಿದು ನೋಡಿದರೆ ಜನ ಆಗಲೇ ಅತ್ತು ಮುಗಿಸಿದ್ದಾರೆ. ಅವರು ವೇದಿಕೆ ಹತ್ತಿದರು, ನಂಟಸ್ತಿಕೆ ಹೇಳಿದರು, ನೀರು ಕುಡಿದರು, ತಾಯಿಯನ್ನು ಕರೆದರು. ಯಾರಿಗೂ ಏನೂ ಆಗಲಿಲ್ಲ. ಮುಂದೆ ಕೂತಿದ್ದ ಒಬ್ಬ ಅಜ್ಜಿ ಮಾತ್ರ, ‘ಅದಿರ್ಲಿ ಮಗ, ಆ ತಿರುವಿನ ಇಚಾರ ಯೋಳು’ ಎಂದಳು. ಕಾರ್ಯಕರ್ತ ಬಗ್ಗಿ ಕಿವಿಯಲ್ಲಿ ಹೇಳಿದ. ನಾನು ಸುಳ್ಳು ಹೇಳಬಾರದು, ಮುಖಂಡರು ನಿಜವಾಗಿಯೂ ಬೆಚ್ಚಿದ ಹಾಗೆ ಕಂಡರು. ‘ಕಟ್ಟಿಸೋಣ’ ಎಂದರು.

ಇವರು ಕೆಳಗಿನಿಂದಲೇ ಕೇಳಿದರು. ವೇದಿಕೆಯ ಮೇಲಿನದು ಬೇರೆ ಮೈಕು, ಊರಿನವರದು ಇನ್ನೂ ಇವರ ಕೈಯಲ್ಲಿತ್ತು.

‘ಕಟ್ಟಿಸೋಣ ಅಂತ ಬರ್ಕೊಂಡಿವ್ನಿ ಸಾರ್, ಮೊದ್ಲೂ ಬರ್ಕೊಂಡಿವ್ನಿ. ಯಾವಾಗ?’

‘ಯುಗಾದಿಯೊಳಗೆ.’

‘ಎಷ್ಟ್ ಉದ್ದ?’

ಜನ ನಕ್ಕರು. ಮುಖಂಡರೂ ನಕ್ಕರು. ಆಮೇಲೆ ಯಾರೂ ನಗಲಿಲ್ಲ, ಕಾದರು. ‘ತಿರುವು ಪೂರ್ತಿ’ ಎಂದು ಅವರು ಹೇಳಬೇಕಾಯಿತು. ಐವತ್ತು ಮೊಬೈಲುಗಳು ಅದನ್ನು ಹಿಡಿದವು.

ಸಭೆ ಮುಗಿದು ಬೈಕು ತೆಗೆಯುವಾಗ ಅವರನ್ನು ಹಿಡಿದು ನಿಲ್ಲಿಸಿದೆ. ಮರುದಿನದ ಪತ್ರಿಕೆಗೆ ಬರೆಯಬೇಕಿತ್ತು.

‘ಯಾರ ಮನೆ ಸೊಸೆ ಸಾರ್ ಅದು? ಯಾವ ವರ್ಷ?’

‘ಏನ್ ಪೇಪರ್ರು, ನಿನ್ ಪುಸ್ತಕದಲ್ಲಿ ಏನ್ ಬರ್ಕಂಡಿದೀಯ?’

‘ಎಲ್ಲರೂ ಅತ್ತರು ಅಂತ.’

‘ಅತ್ತಾದ್ ಮೇಲೆ ನಾನ್ ಏನ್ ಕೇಳ್ದೆ?’

‘ಗೋಡೆ.’

‘ನನ್ಗೆ ಓಟ್ ಬೇಕು ಅಂದೆನಾ? ಸೀಟ್ ಬೇಕು ಅಂದೆನಾ?’

‘ಇಲ್ಲ.’

‘ಅಷ್ಟ್ ಬರಿ, ಸಾಕು. ನಾನ್ ಓಯ್ತೀನಿ, ಹಸ ಕಟ್ಬೇಕು.’

ನಾನು ಅಷ್ಟೇ ಬರೆಯಲಿಲ್ಲ. ಸೊಸೆಯನ್ನೂ ಬರೆದೆ, ಕ್ಯಾನನ್ನೂ ಬರೆದೆ, ಜಗಲಿಯ ಮೇಲಿನ ಹಾಲಿಗೆ ಒಂದು ಪ್ಯಾರಾ ಕೊಟ್ಟೆ. ಹೆಸರು ಗೊತ್ತಿಲ್ಲದ್ದರಿಂದ ‘ಹೆಸರು ಹೇಳಲು ಕುಟುಂಬ ಇಚ್ಛಿಸಲಿಲ್ಲ’ ಎಂದು ಸೇರಿಸಿದೆ. ಯಾವ ಕುಟುಂಬವನ್ನೂ ನಾನು ಕೇಳಿರಲಿಲ್ಲ. ಇದನ್ನು ಈವರೆಗೆ ಯಾರಿಗೂ ಹೇಳಿಲ್ಲ. ಬೇರೆ ಪತ್ರಿಕೆಗಳು ನನ್ನದನ್ನು ನೋಡಿ ಬರೆದವು. ಆಮೇಲೆ ನೀರಾವರಿ ಕಚೇರಿಯಲ್ಲಿ ಗೋಡೆಯ ಕಡತ ನೋಡಿದಾಗ ಎಂಜಿನಿಯರ್ ಟಿಪ್ಪಣಿಯ ಮೊದಲ ಸಾಲು, ‘ಪತ್ರಿಕಾ ವರದಿಯಂತೆ ಸದರಿ ತಿರುವಿನಲ್ಲಿ ಜೀವಹಾನಿ ಸಂಭವಿಸಿದ್ದು’ ಎಂದಿತ್ತು.

ಗೋಡೆ ಯುಗಾದಿಗೆ ಬರಲಿಲ್ಲ, ದಸರೆಗೆ ಬಂತು. ಆದರೂ ಬಂತು. ಸೊಂಟದೆತ್ತರ, ತಿರುವು ಪೂರ್ತಿ, ಬಿಳಿ ಕೆಂಪು ಪಟ್ಟೆ. ಇವರು ಉದ್ಘಾಟನೆಗೆ ಬಂದರು, ದೂರ ನಿಂತರು. ಎಲ್ಲರೂ ಹೋದ ಮೇಲೆ ಗೋಡೆಯ ಈ ತುದಿಯಿಂದ ಆ ತುದಿಗೆ ಕೈ ಆಡಿಸಿಕೊಂಡು ನಡೆದು ಹೋದದ್ದನ್ನು ನಾನು ನೋಡಿದೆ. ಅಥವಾ ನೋಡಿದವರು ಹೇಳಿದರು. ಅಂತೂ ಅವರು ನಡೆದರು. ಅದಾದ ಕೆಲವು ತಿಂಗಳಿಗೆ ಮಗಳ ಮನೆಗೆ ಹೋದರು.

ಮುಂದಿನ ಚುನಾವಣೆಗೆ ಅದೇ ಡೈರಿಯ ಮುಂದೆ ಇನ್ನೊಂದು ಪಕ್ಷದವರ ಸಭೆ. ಬಂದವರು ಲೋಟ ಕೆಳಗಿಟ್ಟು, ಗಂಟಲು ಕಟ್ಟಿಕೊಂಡು, ಕಣ್ಣೊರೆಸಿಕೊಂಡರು. ಒಬ್ಬ ಹೆಂಗಸು ಎದ್ದಳು; ಊರಿನ ಮಹಿಳಾ ಸಂಘದ ಲೆಕ್ಕ ಬರೆಯುವವಳೆಂದು ಆಮೇಲೆ ತಿಳಿಯಿತು.

‘ಅಳೋದಾಯ್ತಾ ಸಾ? ನಾವೂ ಒಸಿ ಅತ್ವಿ. ಈಗ ಯೋಳಿ, ಆಸ್ಪತ್ರೆಗೆ ಡಾಕ್ಟ್ರು ಯಾವ್ ತಿಂಗ್ಳು ಬತ್ತಾರೆ?’

ಅವಳ ಕೈಯಲ್ಲಿ ಪುಸ್ತಕವಿತ್ತು, ಪೆನ್ನೂ ಇತ್ತು. ಪಕ್ಕದವಳು, ‘ಸರ್ಯಾಗ್ ಬರ್ಕೊಳಮ್ಮಿ, ವರ್ಸನೂ ಕೇಳು’ ಎಂದಳು. ವೈದ್ಯರು ಬಂದರು, ವಾರಕ್ಕೆ ಮೂರು ದಿನ. ಈಗ ಸುತ್ತಲಿನ ಎರಡು ಮೂರು ಊರಿನಲ್ಲೂ ಹೀಗೆ ಕೇಳುತ್ತಾರೆ ಎನ್ನುತ್ತಾರೆ. ನಾನು ಕಣ್ಣಾರೆ ಕಂಡದ್ದು ಒಂದು ಊರಿನಲ್ಲಿ. ಅಳು ನಿಂತಿಲ್ಲ, ನಿಲ್ಲಬೇಕೆಂದು ಇವರೂ ಎಂದೂ ಹೇಳಿರಲಿಲ್ಲ. ಅತ್ತ ಮೇಲೆ ಜನ ಎದ್ದು ಮನೆಗೆ ಹೋಗುವುದು ನಿಂತಿದೆ. ಇಷ್ಟು ವರ್ಷ ಇವರ ಪುಸ್ತಕದ ಬಲಗಡೆ ಕೂತಿದ್ದವರು ಎಡಗಡೆಯವರಿಂದ ಉತ್ತರ ಬರೆಸಿಕೊಳ್ಳುತ್ತಿದ್ದಾರೆ.

ಸಾವಿನ ಸುದ್ದಿ ಬಂದ ಮೇಲೆ ನಾನು ಆ ಊರಿಗೆ ಹೋಗಿದ್ದೆ. ಕೇಳುವುದಾದರೆ ಈಗಲೇ ಕೇಳಬೇಕು ಎನಿಸಿತ್ತು. ಮೊದಲು ಠಾಣೆಯಲ್ಲಿ ವಿಚಾರಿಸಿದೆ. ಹಳೆಯ ದಾಖಲೆಗಳಲ್ಲಿ ಅಂಥ ಪ್ರಕರಣ ಸಿಗಲಿಲ್ಲ. ‘ಬಾಡಿ ಮುಂದ್ಲ ತೂಬಿನತ್ರ ಸಿಕ್ಕಿದ್ರೆ ಬೇರೆ ಠಾಣೆಗೆ ಓಯ್ತದೆ ಸಾ, ಅಲ್ಲೂ ಇಲ್ದಿದ್ರೆ ಮನೆಯೋರು ಯೋಳೇ ಇಲ್ಲ ಅಂತ’ ಎಂದರು ಅಲ್ಲಿದ್ದವರು. ಊರಿನಲ್ಲಿ ಕೇಳಿದರೆ ಎಲ್ಲರಿಗೂ ಅವಳು ಗೊತ್ತು. ಮೇಲಿನ ಬೀದಿಯವರು ಕೆಳಗಿನ ಬೀದಿಯ ಮನೆಯವಳು ಎಂದರು. ಕೆಳಗಿನ ಬೀದಿಯವರು ಮೇಲಿನದು ಎಂದರು. ಒಬ್ಬಾಕೆ, ‘ನಾನೇ ನೋಡಿವ್ನಿ ಕಣಪ್ಪ, ಹಸ್ರು ಸೀರೆ, ಸಂದಾಕಿದ್ಲು’ ಎಂದಳು. ಆಕೆ ಆ ಊರಿಗೆ ಮದುವೆಯಾಗಿ ಬಂದದ್ದು ಗೋಡೆ ಕಟ್ಟಿದ ಮೇಲೆ.

ಹೊರಡುವಾಗ ಡೈರಿಯ ಹತ್ತಿರ ಒಬ್ಬ ಮುದುಕಿ ನನ್ನನ್ನು ಕರೆದು, ಸುತ್ತ ನೋಡಿ, ತಗ್ಗಿದ ದನಿಯಲ್ಲಿ ಹೇಳಿದಳು: ‘ಅದ ಕೇಳ್ಬ್ಯಾಡ. ಆಯಪ್ಪನ ಅಣ್ಣನ್ ಎಂಡ್ರು ಅಂತಾರೆ. ಆಯಪ್ಪ ಆಗ ಇಸ್ಕೂಲ್ಗೆ ಓಯ್ತಿದ್ದ. ಆ ಮನೇಲಿ ಅವ್ಳ್ ಎಸ್ರು ಎತ್ತಕಿಲ್ಲ.’

‘ನೀವು ನೋಡಿದ್ರಾ ಅವಳನ್ನ?’

‘ನಾನೆಲ್ ನೋಡ್ಲಿ, ಅಂತಾರೆ ಅಂದೆ.’

ಮಗಳಿಗೆ ಫೋನ್ ಮಾಡಿದೆ. ತಂದೆಗೆ ಒಬ್ಬ ಅಣ್ಣನಿದ್ದದ್ದು ನಿಜ, ಅವರು ಮದುವೆಯಾಗಿರಲಿಲ್ಲ ಎಂದುಕೊಂಡಿದ್ದೇನೆ, ಅಪ್ಪ ಮನೆಯ ವಿಷಯ ಮಾತಾಡುತ್ತಿರಲಿಲ್ಲ ಎಂದರು. ಪುಸ್ತಕಗಳನ್ನು ನಿವೃತ್ತಿಯ ದಿನವೇ ಠಾಣೆಗೆ ಒಪ್ಪಿಸಿದ್ದರಂತೆ.

ಆ ತಿರುವಿನಲ್ಲಿ ಈಗ ಶಾಲೆಯ ವ್ಯಾನು ವೇಗ ತಗ್ಗಿಸದೆ ಹೋಗುತ್ತದೆ. ಹೊಸದಾಗಿ ಬಂದ ಸೊಸೆಯರು ಗೋಡೆಗೆ ಒರಗಿ ನಿಂತು ಫೋನಿನಲ್ಲಿ ತವರಿನವರ ಜೊತೆ ಮಾತಾಡುತ್ತಾರೆ. ಅದರಲ್ಲಿ ನನಗೆ ಅನುಮಾನವಿಲ್ಲ, ನಿನ್ನೆಯೂ ನೋಡಿ ಬಂದಿದ್ದೇನೆ. ಆದರೆ ಕ್ಯಾನು ಹಿಡಿದು ಮಂಜಿನಲ್ಲಿ ಹೊರಟ ಅಂಥ ಒಬ್ಬಳು ಇದ್ದಳೋ ಇಲ್ಲವೋ, ಇದ್ದರೆ ಅವಳು ಅವರಿಗೆ ಸಂಬಂಧದಲ್ಲಿ ಏನಾಗಬೇಕಿತ್ತೋ, ಆ ಸಂಜೆ ಅವರು ಸುಳ್ಳು ಹೇಳಿದರೋ ಅಥವಾ ಜೀವಮಾನದಲ್ಲಿ ಒಂದೇ ಒಂದು ಸಲ ಮನೆಯ ಮಾತನ್ನು ಹೊರಗೆ ಆಡಿದರೋ, ನನಗೆ ಗೊತ್ತಿಲ್ಲ.